ವಾಸನೆ ಹೋದದ್ದು ಸೈಕಲ್ ಟ್ರ್ಯಾಕಿನಲ್ಲಿ

ಒಲೆಯ ಮೇಲೆ ಒಗ್ಗರಣೆ ಸೀದುಹೋಗುತ್ತಿತ್ತು. ನಾನು ಅಲ್ಲೇ ನಿಂತಿದ್ದೆ.

ಬೆನ್ನು ತಿರುಗಿಸಿಕೊಂಡು ಕೊತ್ತಂಬರಿ ಸೋಸುತ್ತಿದ್ದೆ. ಪಡಸಾಲೆಯಿಂದ ನನ್ನ ಗಂಡ ಶರಣಪ್ಪ ಕೆಮ್ಮುತ್ತಾ ಓಡಿಬಂದು ಗ್ಯಾಸ್ ಬಂದ್ ಮಾಡಿದರು. "ಮನಿ ತುಂಬ ಹೊಗಿ ಆಗ್ಯದ. ನಿನಗ ವಾಸನಿ ಬರಲಿಲ್ಲೇನು?" ಎಂದರು. ತಿರುಗಿ ನೋಡಿದೆ. ಬೆಳ್ಳುಳ್ಳಿ ಇದ್ದಿಲಾಗಿತ್ತು. ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು.

ವಾಸನೆ ಬಂದಿರಲಿಲ್ಲ.

ಸೋಪು ಮೂಸಿದೆ. ಇಂಗಿನ ಡಬ್ಬಿ ತೆರೆದು ಮೂಸಿದೆ. ಶರಣಪ್ಪ ಅಮೃತಾಂಜನ ತಂದು ಮೂಗಿಗೆ ಹಿಡಿದರು. ತಣ್ಣಗೆ ಚುಚ್ಚಿತು, ಅಷ್ಟೇ.

ನಾನು ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ಕೆಲವೇ ದಿನಗಳಾಗಿದ್ದವು. ನಮ್ಮದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿನ ಊರು. ಹೆಸರು ಬೇಡ, ನಾನಿನ್ನೂ ಅಲ್ಲೇ ಬಾಳಬೇಕು. ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನವೂ ಸೈಕಲ್ ಮೇಲೆ ಹೋಗುತ್ತಿದ್ದೆ. ಹೋದ ವರ್ಷ ಪುರಸಭೆಯವರು ಮುಖ್ಯರಸ್ತೆಯ ಅಂಚಿಗೆ ಹಸಿರು ಬಣ್ಣ ಬಳಿದು ಸೈಕಲ್ ಟ್ರ್ಯಾಕ್ ಮಾಡಿದರು. ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರು. ಟ್ರ್ಯಾಕಿನ ನಟ್ಟನಡುವೆ ಲೈಟ್ ಕಂಬಗಳು ಹಾಗೇ ಉಳಿದವು. ಕಂಬದ ಒಂದು ಬದಿ ಟಂಟಂ ಆಟೋಗಳು, ಇನ್ನೊಂದು ಬದಿ ಗಟಾರದ ಮೇಲಿನ ಕಬ್ಬಿಣದ ಜಾಲರಿ. ಸೈಕಲ್‌ನವರಿಗೆ ಉಳಿದದ್ದು ಆ ಜಾಲರಿಯೇ.

ನಾನು ಬಿದ್ದದ್ದು ಅಲ್ಲೇ, ಶಾಲೆಯ ಗೇಟಿನ ಎದುರು. ಹೇಗೆ ಬಿದ್ದೆ ಎನ್ನುವುದು ನನಗೆ ನೆನಪಿಲ್ಲ. ಮನೆಯ ಬಾಗಿಲು ಎಳೆದುಕೊಂಡದ್ದು ಗೊತ್ತು. ಆಮೇಲೆ ಯಾದಗಿರಿಯ ಆಸ್ಪತ್ರೆಯ ಚಾವಣಿಯ ಫ್ಯಾನ್. ನಡುವಿನದೆಲ್ಲ ಬೇರೆಯವರು ಹೇಳಿದ್ದು. ಸಿಟಿ ಸ್ಕ್ಯಾನಿನಲ್ಲಿ ಹಣೆಯ ಹಿಂದೆ ಸ್ವಲ್ಪ ರಕ್ತ ಹೆಪ್ಪುಗಟ್ಟಿದ್ದು ಕಂಡಿತು, ಆಪರೇಷನ್ ಬೇಡ ಎಂದರು. ವಾಸನೆಯ ಮಾತು ಅಲ್ಲಿ ಯಾರೂ ಎತ್ತಲಿಲ್ಲ. ನನಗೂ ಹೊಳೆದಿರಲಿಲ್ಲ.

ಶರಣಪ್ಪ ಮರುದಿನವೇ ಕಲಬುರಗಿಗೆ ಕರೆದುಕೊಂಡು ಹೋದರು. ಇಎನ್‌ಟಿ ಡಾಕ್ಟರಮ್ಮ ಮೂಗಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು, ಸ್ಕ್ಯಾನ್ ಬೆಳಕಿಗೆ ಹಿಡಿದರು.

"ಮೂಗು ಚೆನ್ನಾಗೇ ಇದೆ. ಮೂಗಿನಿಂದ ಮೆದುಳಿಗೆ ಹೋಗೋ ನರಗಳು ಕೂದಲಿಗಿಂತ ಸಣ್ಣವು. ತಲೆ ಜೋರಾಗಿ ಕುಲುಕಿದಾಗ ಹರೀತವೆ."

"ಮತ್ತ ಕೂಡ್ತಾವೇನ್ರಿ?" ಎಂದೆ.

"ಕೆಲವರಿಗೆ ಬರುತ್ತೆ. ಕೆಲವರಿಗೆ ಇಲ್ಲ."

ಅವರು ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿ ಇವನ್ನು ಬೆಳಿಗ್ಗೆ ಸಂಜೆ ಮೂಸಲು ಹೇಳಿದರು. ಸ್ಮೆಲ್ ಟ್ರೇನಿಂಗ್ ಅಂತೆ. ಏನೂ ಬರದಿದ್ದರೂ ಮೂಸಬೇಕು.

ವಾಸನೆ ಇಲ್ಲದ ಮನುಷ್ಯ ಎಷ್ಟು ಅನುಮಾನದ ಮನುಷ್ಯನಾಗುತ್ತಾನೆಂದು ನನಗೆ ತಿಳಿದಿರಲಿಲ್ಲ. ಗ್ಯಾಸ್ ಸೋರುತ್ತಿರಬಹುದೆಂದು ರೆಗ್ಯುಲೇಟರ್ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಹಾಲು ಕೆಟ್ಟಿದೆಯೇನೋ ಎಂದು ಶರಣಪ್ಪನವರಿಗೆ ಮೂಸಲು ಕೊಡುತ್ತಿದ್ದೆ. ಅವರು ಚೆನ್ನಾಗಿದೆ ಎಂದರೆ ಸುಳ್ಳು ಹೇಳುತ್ತಿದ್ದಾರೆ ಅನಿಸುತ್ತಿತ್ತು. ಶಾಲೆಗೆ ಮರಳಿದ ಮೇಲೆ ಯಾರಾದರೂ ನನ್ನಿಂದ ಒಂದು ಹೆಜ್ಜೆ ದೂರ ನಿಂತರೆ ಸಾಕು, ನನ್ನ ಮೈಯೇ ನಾರುತ್ತಿದೆಯೇ ಎಂದು ಬೆವರುತ್ತಿದ್ದೆ. ಊಟ ಬಾಯಲ್ಲಿ ಉಪ್ಪು, ಹುಳಿ, ಖಾರ ಅಷ್ಟೇ ಆಗಿತ್ತು. ಅದರ ಆಚೆಗಿನ ರುಚಿಯೆಲ್ಲ ಮೂಗಿನದು ಎಂದು ಪಾಠ ಮಾಡಿದವಳು ನಾನೇ.

ಇದರ ಮೇಲೆ ಊರಿನ ಮಾತು. ನೋಡಲು ಬಂದವರೆಲ್ಲ ಒಂದೇ ಕಥೆ ಹೊತ್ತು ತಂದರು. "ಸೆರಗು ಚಕ್ರದಾಗ ಸಿಕ್ತಂತಲ್ರಿ?" ಯಾರು ಹೇಳಿದರು ಎಂದು ಕೇಳಿದರೆ, ಪುರಸಭೆಯಲ್ಲಿ ಅನ್ನುತ್ತಿದ್ದರು ಎಂಬ ಉತ್ತರ. ನನಗೇ ನೆನಪಿಲ್ಲದ್ದು ಅವರಿಗೆ ಹೇಗೆ ಗೊತ್ತು? ಆ ದಿನ ಉಟ್ಟಿದ್ದ ಸೀರೆಯನ್ನು ಒಗೆದು ಮಡಚಿಟ್ಟಿದ್ದರು. ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಸೆರಗನ್ನು ಅಂಗುಲ ಅಂಗುಲ ನೋಡಿದೆ. ಹರಿದಿರಲಿಲ್ಲ. ಗ್ರೀಸಿನ ಕಲೆಯೂ ಇರಲಿಲ್ಲ.

ನಾನು ಬಿದ್ದದ್ದನ್ನು ಕಣ್ಣಾರೆ ಕಂಡವಳು ಶಾಹೀನ್. ಶಾಲೆಯ ಎದುರು ಯೂನಿಫಾರ್ಮ್ ಹೊಲಿಯುವ ಅಂಗಡಿ ಅವಳದು, ನನ್ನ ಗೆಳತಿ. ಮಗ್ಗುಲ ಮನೆಯವಳೂ ಹೌದು. ಅವಳನ್ನು ಕೂಡಿಸಿಕೊಂಡು ಮತ್ತೆ ಮತ್ತೆ ಕೇಳಿದೆ.

"ಸೆರಗ ಸೊಂಟಕ್ಕ ಸಿಗಿಸಿದ್ದಿ ಅಕ್ಕಾ, ಖುದಾನ ಆಣಿ. ಮುಂದಿನ ಗಾಲಿ ಜಾಲರಿ ಸಂದಿನಾಗ ಗಪ್ಪಂತ ಇಳೀತು. ಸೈಕಲ್ ಅಲ್ಲೇ ನಿಂತಿತು, ನೀ ಮುಂದ ಹಾರಿದಿ."

ಜಾಲರಿಯ ಪಟ್ಟಿಗಳನ್ನು ರಸ್ತೆಗೆ ಅಡ್ಡವಾಗಿ ಹಾಕಬೇಕಿತ್ತು. ಇವರು ಉದ್ದುದ್ದ ಹಾಕಿದ್ದರು. ಹಾಗೆ ಹಾಕಿದರೆ ಸಂದು ಚಕ್ರದ ದಿಕ್ಕಿಗೇ ಬಾಯಿ ತೆರೆದುಕೊಂಡಿರುತ್ತದೆ. ಸೈಕಲ್ ಹೊಡೆಯುವ ಯಾರಾದರೂ ಹೇಳುತ್ತಾರೆ. ಕೇಳಬೇಕಿತ್ತು, ಅಷ್ಟೇ.

ದೂರು ಕೊಡೋಣ ಎಂದೆ. ಶರಣಪ್ಪ, "ಆದದ್ದು ಆತು. ಮೊದಲ ನೀ ಆರಾಮ ಆಗು" ಎಂದು ಎದ್ದುಹೋದರು. ಪ್ರತಿ ಸಲವೂ ಹಾಗೆಯೇ. ಅವರು ಪುರಸಭೆಯ ಮುಂದಿನ ಹೋಟೆಲಿನಲ್ಲಿ ಅಲ್ಲಿಯ ಜೂನಿಯರ್ ಎಂಜಿನಿಯರ್, ಜೆಇ ಜೊತೆ ಚಹಾ ಕುಡಿಯುತ್ತಿದ್ದರೆಂದು ಯಾರೋ ಹೇಳಿದರು. ನಾನು ಕೇಳಿದ್ದಕ್ಕೆ, "ಹೌದು, ಸಿಕ್ಕಿದ್ದ" ಎಂದಷ್ಟೇ ಅಂದರು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿರುವ ಇವರಿಗೆ ಜೆಇ ಜೊತೆ ಏನು ಮಾತು? ಅವರಿಗೆ ಹಾಲು ಮೂಸಲು ಕೊಡುವುದನ್ನೂ ಬಿಟ್ಟೆ. ಶಾಹೀನ್ ಕಡೆಯಿಂದ ಮೂಸಿಸತೊಡಗಿದೆ.

ಒಂದು ದಿನ ಶಾಲೆ ಬಿಟ್ಟ ಮೇಲೆ ಧೈರ್ಯ ಮಾಡಿ ಆ ಜಾಗಕ್ಕೆ ಹೋದೆ. ಅಲ್ಲಿಯವರೆಗೆ ಹಿಂದಿನ ಗೇಟಿನಿಂದ ಓಡಾಡುತ್ತಿದ್ದೆ. ಶಾಹೀನ್ ಜೊತೆಗಿದ್ದಳು.

ಪಟ್ಟಿಗಳು ಅಡ್ಡ ಇದ್ದವು.

ಗೇಟಿನ ಮುಂದಿನ ಎಲ್ಲ ಜಾಲರಿಗಳೂ ಸರಿಯಾಗಿ ಅಡ್ಡಡ್ಡ ಕೂತಿದ್ದವು. ಪಕ್ಕದ ಹಣ್ಣಿನ ಗಾಡಿಯವನು, "ಮೊದಲಿಂದಾನೂ ಹಿಂಗೇ ಅದಾವ್ರಿ" ಎಂದು ಮುಖ ತಿರುಗಿಸಿದ. ಶಾಹೀನ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಡುವೆ ಅವಳು ಮದುವೆಗೆಂದು ಸುರಪುರಕ್ಕೆ ಹೋಗಿದ್ದಳು, ಏನಾಯಿತೆಂದು ಅವಳಿಗೂ ಗೊತ್ತಿಲ್ಲ. ಅವಳ ಮಾತನ್ನೂ ನಂಬಬಹುದೇ ಎಂದು ಒಂದು ಕ್ಷಣ ಅನಿಸಿತು. ನನ್ನ ತಲೆಯೇ ಸರಿಯಿಲ್ಲವೇನೋ ಎಂದೂ ಅನಿಸಿತು. ಕೂತು ನೋಡಿದೆ. ಅಂಚಿನ ಸಿಮೆಂಟು ಹೊಸದಾಗಿತ್ತು.

ಪುರಾವೆ ಅಳಿಸಿದ್ದಾರೆ.

ಮನೆಗೆ ಬಂದವಳೇ ಕೂಗಾಡಿದೆ. "ಪುರಸಭೆಯವರು ಎಲ್ಲಾ ಮುಚ್ಚಿ ಹಾಕ್ಯಾರ. ನೀವು ಅವರ ಕೂಡ ಚಹಾ ಕುಡಕೋತ ಕೂಡ್ರಿ!"

ಶರಣಪ್ಪ ಅಂಗಿಯ ಗುಂಡಿ ಬಿಚ್ಚುತ್ತಿದ್ದವರು ಹಾಗೇ ನಿಂತರು.

"ಅವರಲ್ಲ. ನಾನ ತಿರುಗಿಸೀನಿ."

"ಏನಂದ್ರಿ?"

"ನೀ ದವಾಖಾನ್ಯಾಗ ಇದ್ದಾಗ ಜೆಇಗೆ ಕೈಮುಗಿದು ಹೇಳಿದೆ. ಚಹಾ ಕುಡಿಸಿ ಹೇಳಿದೆ. ಮ್ಯಾಲಿಂದ ಆರ್ಡರ್ ಬರಬೇಕು ಅಂದ. ನಿಮ್ಮ ಶಾಲಿ ಹುಡುಗ್ಯಾರು ದಿನಾ ಅದರ ಮ್ಯಾಲೇ ಹೊಂಟಿದ್ರು. ಇನ್ನೊಬ್ಬಾಕಿ ಬೀಳೋತನಕ ಕುಂತು ನೋಡ್ಲೇನು? ಐತವಾರ ಒಬ್ಬ ಗೌಂಡಿನ ಕರಕೊಂಡು ಹೋಗಿ ಕಿತ್ತು ಅಡ್ಡ ಕೂಡಿಸಿ ಸಿಮೆಂಟ್ ಹಾಕಿದ್ವಿ. ಹಣ್ಣಿನ ಗಾಡಿಯಂವಗ ಯಾರಿಗೂ ಹೇಳಬ್ಯಾಡ ಅಂದಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ನೀ ದೂರು ಕೊಡಾಕಿ. ಈಗ ತೋರಸಾಕ ಅಲ್ಲಿ ಏನದ? ನಾನ ಕೆಡಿಸಿಬಿಟ್ಟೆ."

ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಸಿಟ್ಟು ಇಳಿಯಲಿಲ್ಲ, ಆದರೆ ಎಲ್ಲಿ ಇಡಬೇಕೆಂದು ತಿಳಿಯದಾಯಿತು. ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂಬ ನನ್ನ ಅನುಮಾನ ನಿಜವೇ ಆಗಿತ್ತು. ಅದರ ಹಿಂದೆ ಇದ್ದದ್ದು ಮಾತ್ರ ನಾನು ಎಣಿಸಿದ್ದಲ್ಲ.

ಬಸ್ ಸ್ಟ್ಯಾಂಡಿನ ಕಡೆಯ ಜಾಲರಿಗಳು ಇನ್ನೂ ಹಳೆಯ ರೀತಿಯಲ್ಲೇ ಇದ್ದವು. ಇಬ್ಬರೂ ಹೋಗಿ ಜೆಇಯನ್ನು ಅಲ್ಲಿಗೆ ಕರೆದುಕೊಂಡು ಬಂದೆವು. ನನ್ನ ಸೈಕಲ್ಲಿನ ಸೊಟ್ಟಗಾದ ಮುಂದಿನ ಚಕ್ರವನ್ನು ಶರಣಪ್ಪ ಸಂದಿಗೆ ಹಿಡಿದು ಬಿಟ್ಟರು. ಅಚ್ಚಿನವರೆಗೆ ಇಳಿಯಿತು.

"ಪ್ಲ್ಯಾನ್ ಹ್ಯಾಂಗದ ಹಂಗ ಹಾಕ್ಯಾರ ಮೇಡಂ," ಎಂದರು ಜೆಇ. ಆಮೇಲೆ ಶಾಲೆಯ ಕಡೆ ನೋಡಿ, "ಅಲ್ಲಿ ಯಾರು ತಿರುಗಿಸ್ಯಾರ? ಅದು ಸರ್ಕಾರಿ ಆಸ್ತಿ. ಕೇಸ್ ಆಗ್ತದ ನೋಡ್ರಿ."

"ನಾನ ತಿರುಗಿಸೀನ್ರಿ," ಎಂದರು ಶರಣಪ್ಪ. "ಹಾಕ್ರಿ ಕೇಸು. ಇಲ್ಲೀವನ್ನೂ ನಾನ ತಿರುಗಸ್ಲೇನು?"

ಜನ ಸೇರಿದರು. ಸೆರಗಿನ ಕಥೆ ಹೇಳಿದವರೂ ಅದರಲ್ಲಿದ್ದರು. ಚಕ್ರ ಗಟಾರದಲ್ಲಿ ನೆಟ್ಟಗೆ ನಿಂತಿತ್ತು. ಜೆಇ ಫೋನ್ ಕಿವಿಗಿಟ್ಟುಕೊಂಡು ಹೊರಟುಹೋದರು.

ಕೇಸ್ ಆಗಲಿಲ್ಲ. ಕೆಲವು ವಾರಗಳ ನಂತರ ಬಸ್ ಸ್ಟ್ಯಾಂಡಿನ ಜಾಲರಿಗಳೂ ತಿರುಗಿದವು. ನಮ್ಮ ಮಾತಿಗೋ, ಯಾರೋ ದೊಡ್ಡವರು ಬರುವವರಿದ್ದರೆಂದೋ, ಹೇಳಲಾರೆ. ಕಂಬಗಳು ಇನ್ನೂ ನಡುವೆಯೇ ಇವೆ. ಹೊಸದಾಗಿ ಹಸಿರು ಬಣ್ಣ ಬಳಿದಿದ್ದಾರೆ, ಕಂಬದ ಬುಡಕ್ಕೂ ಸೇರಿಸಿ.

ಮೂಸುವುದನ್ನು ನಾನು ಬಿಟ್ಟಿಲ್ಲ. ನಡುವೆ ಚಹಾ ರಬ್ಬರ್ ಸುಟ್ಟಂತೆ ನಾರತೊಡಗಿತು. ಹೆದರಿ ಫೋನ್ ಮಾಡಿದರೆ ಡಾಕ್ಟರಮ್ಮ, "ಒಳ್ಳೇ ಲಕ್ಷಣ ಇರಬಹುದು, ನರ ದಾರಿ ಹುಡುಕ್ತಿದೆ" ಎಂದರು. ಇರಬಹುದು ಎಂದದ್ದನ್ನು ಗಮನಿಸಿದೆ.

ಮೊನ್ನೆ ಶಾಹೀನ್ ತನ್ನ ತಂಗಿಯ ಮಗಳಿಗೆ ಮೆಹಂದಿ ಹಚ್ಚುತ್ತಿದ್ದಳು. ಪಕ್ಕದಲ್ಲಿ ಕೂತಿದ್ದೆ. ಹಸಿರು ಹಸಿರಾದ, ಸ್ವಲ್ಪ ಕಹಿಯಾದ ಏನೋ ಒಂದು ಮೂಗಿನ ಒಳಗೆ ಸರಿಯಿತು.

"ಮೆಹಂದಿ ವಾಸನಿ ಬರಾಕತ್ತದ," ಎಂದೆ. ಹೇಳಿದ ಕೂಡಲೇ ಅನುಮಾನ. ಕಣ್ಣಿಗೆ ಕಂಡದ್ದಕ್ಕೆ ಮನಸ್ಸು ವಾಸನೆ ಕಟ್ಟಿರಬಹುದು.

ಶಾಹೀನ್ ನನ್ನ ಕಣ್ಣಿಗೆ ದುಪಟ್ಟಾ ಕಟ್ಟಿದಳು. ಒಂದು ಬಟ್ಟಲಲ್ಲಿ ಮೆಹಂದಿ, ಒಂದರಲ್ಲಿ ಕಲಸಿದ ಕಡಲೆಹಿಟ್ಟು. ಒಂದೊಂದನ್ನೇ ಮೂಗಿನ ಹತ್ತಿರ ತಂದಳು.

"ಇದು?"

"ಮೆಹಂದಿ."

"ಹೌದು. ಇದು?"

"ಅಲ್ಲ. ಹಿಟ್ಟು."

"ಸೈ. ಇದು?"

"ಮೆಹಂದಿ," ಎಂದೆ.

ಅವಳು ಬಟ್ಟಲು ಕೆಳಗಿಟ್ಟ ಸದ್ದಾಯಿತು. ತಪ್ಪಿತ್ತು. ಇಷ್ಟನ್ನೇ ಪುರಾವೆ ಎಂದು ತಂದರೆ ನನ್ನ ಕ್ಲಾಸಿನ ಹುಡುಗಿಯರಿಗೆ ನಾನು ಅಂಕ ಕೊಡುವುದಿಲ್ಲ.

"ತೆಗೀಲೇನಕ್ಕಾ?" ಎಂದು ಶಾಹೀನ್ ದುಪಟ್ಟಾದ ಗಂಟಿಗೆ ಕೈ ಹಾಕಿದಳು.

"ಬ್ಯಾಡ," ಎಂದೆ. "ಇನ್ನೊಮ್ಮಿ ಹಿಡಿ."