ಕಾಲುವೆ ಬಂದ್ ಇದ್ದಾಗ ತೋಡಿದ ಗುಂಡಿ

ನಿವೃತ್ತಿಗೆ ಇನ್ನೂ ಹತ್ತು ವರ್ಷವಿದ್ದಾಗ ನಾನು ಹೊಸಪೇಟೆಯಲ್ಲಿ ಕಟ್ಟಡ ಕಾಮಗಾರಿಗಳ ಎಂಜಿನಿಯರ್ ಆಗಿದ್ದೆ. ಕಂಪ್ಲಿ ಹತ್ತಿರದ ಒಂದು ಹಳ್ಳಿಗೆ ಹೈಸ್ಕೂಲು ಮಂಜೂರಾಯಿತು. ಗದ್ದೆಗಳ ನಡುವಿನ ಎರೆಮಣ್ಣಿನ ಜಾಗ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣದು. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ. ನಾನಂತೂ ಓದಿದ್ದೆ.

ಅಡಿಪಾಯಕ್ಕೆ ಎರಡು ದಾರಿಗಳಿದ್ದವು. ಒಂದು, ಅಂಡರ್-ರೀಮ್ಡ್ ಪೈಲ್. ಉಬ್ಬುವ ಪದರ ದಾಟಿ ಗಟ್ಟಿ ನೆಲಕ್ಕೆ ಇಳಿಸುವ, ತಳದಲ್ಲಿ ಅಗಲವಾದ ಕಾಂಕ್ರೀಟ್ ಕಂಬ. ಕೊರೆಯುವ ಯಂತ್ರಕ್ಕೆ ನಾಲ್ಕು ತಿಂಗಳು ಕಾಯಬೇಕಿತ್ತು. ಇನ್ನೊಂದು, ಐದು ಅಡಿ ಎರೆಮಣ್ಣು ತೆಗೆದು, ಉಬ್ಬದ ಗರಸು ಮಣ್ಣು ತುಂಬಿ ದಮ್ಮಸು ಮಾಡಿ, ಮೇಲೆ ಆಳವಿಲ್ಲದ ಸಾಮಾನ್ಯ ಫುಟಿಂಗ್ ಕಟ್ಟುವುದು. ಮುಂದಿನ ಜೂನ್‌ಗೆ ತರಗತಿ ನಡೆಯಲೇಬೇಕೆಂದು ಮೇಲಿನಿಂದ ಒತ್ತಡವಿತ್ತು.

ಗದ್ದೆಗಳಿಗೆ ನೀರುಣಿಸುವ ಕಾಲುವೆ ಬಂದ್ ಇದ್ದ ಏಪ್ರಿಲ್‌ನಲ್ಲಿ ಮಣ್ಣು ಪರೀಕ್ಷೆಯ ಗುಂಡಿ ತೋಡಿಸಿದೆ. ತಳ ಒಣಗಿತ್ತು. ತೋಡಿದವಳು ಹನುಮಕ್ಕ, ಅದೇ ಊರಿನ ಕೂಲಿಯಾಕೆ. ಮಗಳು ರೇಣುಕಾ ಏಳನೇ ಕ್ಲಾಸಿಗೆ ಹೋಗುವವಳಿದ್ದಳು. ಊರಲ್ಲೇ ಹೈಸ್ಕೂಲಾದರೆ ಮುಂದಿನ ಓದು, ಕಂಪ್ಲಿಗಂತೂ ಕಳಿಸುವುದಿಲ್ಲ ಎಂದು ಅವಳಪ್ಪ ಹಟ ಹಿಡಿದಿದ್ದ.

"ಸಾಹೇಬ್ರ, ಕಾಲುವಿಗೆ ನೀರು ಬಿಟ್ಟಮ್ಯಾಲ ಒಮ್ಮೆ ತೋಡಿ ನೋಡ್ರಿ. ಇಲ್ಲಿ ಮೊಣಕಾಲ ಮಟ ನೀರು ನಿಂದರತೈತಿ," ಎಂದಳು ಹನುಮಕ್ಕ.

"ಅಷ್ಟೊತ್ತಿಗೆ ನಿನ್ನ ಮಗಳು ಕಾಲೇಜು ಸೇರಿರ್ತಾಳಮ್ಮ," ಎಂದು ನಕ್ಕೆ. ಲ್ಯಾಬಿನ ವರದಿಗೂ ಕಾಯದೆ ಗರಸಿನ ವಿಧಾನಕ್ಕೆ ಸಹಿ ಹಾಕಿದೆ. ಕಾಲುವೆಗೆ ನೀರು ಬರುವ ಮೊದಲೇ ಅಡಿಪಾಯ ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೇಳಿದ ಜೂನ್‌ನಲ್ಲೇ ಶಾಲೆ ತೆರೆಯಿತು. ರೇಣುಕಾ ಎಂಟನೇ ಕ್ಲಾಸಿಗೆ ಸೇರಿದಳು. ಅತ್ತ ಕಟ್ಟಡದಡಿ ಗರಸು ತುಂಬಿದ ಗುಂಡಿ ದನದ ಬಾನಿಯಂತೆ ಕಾಲುವೆಯ ಬಸಿನೀರು ಹಿಡಿದಿಟ್ಟುಕೊಂಡು ಸುತ್ತಲಿನ ಎರೆಮಣ್ಣಿಗೆ ಕುಡಿಸುತ್ತಿತ್ತು. ಎರಡನೇ ವರ್ಷದ ದಸರೆಯ ಹೊತ್ತಿಗೆ ನೆಲ ಉಬ್ಬಿ ಬಾಗಿಲುಗಳು ಮುಚ್ಚದಾದವು. ಗೋಡೆಯ ಬಿರುಕಿನೊಳಗೆ ನನ್ನ ಹೆಬ್ಬೆರಳು ತೂರುತ್ತಿತ್ತು. ಬಳಕೆಗೆ ಯೋಗ್ಯವಲ್ಲ ಎಂದು ನಾನೇ ಬರೆದು ಬೀಗ ಹಾಕಿಸಿದೆ. ಮಕ್ಕಳನ್ನು ಕಂಪ್ಲಿಯ ಶಾಲೆಗೆ ವರ್ಗ ಮಾಡಿದರು. ಹುಡುಗರು ಸೈಕಲ್ ಹತ್ತಿ ಹೋದರು. ರೇಣುಕಾಳನ್ನು ಕಳಿಸಲಿಲ್ಲ.

ನಾಲ್ಕು ವರ್ಷದ ಮೇಲೆ ಆ ಕಟ್ಟಡ ಕೆಡವಿ, ಅದೇ ಜಾಗದಲ್ಲಿ ಪೈಲ್ ಇಳಿಸಿದೆವು. ಕೊರೆದ ಹಸಿಮಣ್ಣು ಹೊರುವವರಲ್ಲಿ ಹನುಮಕ್ಕನೂ ಇದ್ದಳು. ಅಳುಕುತ್ತಲೇ ಮಗಳ ವಿಷಯ ಕೇಳಿದೆ.

"ಲಗ್ನ ಮಾಡಿಬಿಟ್ವಿರಿ. ಸಂಡೂರು ಕಡೆ ಕೊಟ್ಟೀವಿ," ಎಂದಳು. ಆಮೇಲೆ, "ಈ ಸಲ ನೀರು ಬಿಟ್ಟಮ್ಯಾಲ ತೋಡಿ ನೋಡೀರೇನ್ರಿ?"

"ನೋಡೀನಮ್ಮ."

"ಚಲೋ ಆತು ಬಿಡ್ರಿ," ಎಂದು ಬುಟ್ಟಿ ಎತ್ತಿಕೊಂಡಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಣ್ಣನ್ನು ಅದರ ಅತಿ ಕೆಟ್ಟ ತಿಂಗಳಲ್ಲಿ ಪರೀಕ್ಷಿಸಿ, ಆಮೇಲೆ ವಿಧಾನ ಆರಿಸಿ ಎಂದು ಕಿರಿಯ ಎಂಜಿನಿಯರುಗಳಿಗೆ ಈಗಲೂ ಹೇಳುತ್ತೇನೆ. ಹೇಳುವಾಗಲೆಲ್ಲ ನಾಚಿಕೆಯಾಗುತ್ತದೆ. ಆ ಶಾಲೆಯಿಂದ ಪಾಠ ಕಲಿತವನು ನಾನು. ಕಲಿಯಬೇಕಾಗಿದ್ದವಳು ರೇಣುಕಾ.