ಸಿಂಗಾಪುರದ ಪಟ್ಟಿಯ ಮೊದಲ ಸಾಲು

ನನಗೆ ಪಟ್ಟಿ ಮಾಡುವ ಚಟ. ನಾಗಮಂಗಲದ ಶಾಲೆಯಲ್ಲಿ ಮೇಡಂ ಆಗಿ ಇಪ್ಪತ್ತು ವರ್ಷ ವೇಳಾಪಟ್ಟಿ ಹಾಕಿ ಹಾಕಿ ಅಂಟಿಕೊಂಡದ್ದು. ಸಂತೆಗೆ ಹೋಗುವಾಗಲೂ ಸೊಪ್ಪು ಮೊದಲೋ ಬದನೆಕಾಯಿ ಮೊದಲೋ ಎಂದು ಬರೆದುಕೊಂಡೇ ಹೊರಡುತ್ತೇನೆ. ಹಾಗಾಗಿ ದಸರಾ ರಜೆಯಲ್ಲಿ ಅವ್ವನನ್ನು ಸಿಂಗಾಪುರಕ್ಕೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾದ ದಿನವೇ ನೂರು ಪುಟದ ಹೊಸ ನೋಟ್‌ಬುಕ್ ತಂದೆ. ಮೊದಲ ಪುಟದಲ್ಲಿ ‘ನೋಡಬೇಕಾದವು’ ಎಂದು ಬರೆದು ಅಡಿಗೆರೆ ಎಳೆದೆ.

ಈ ಹುಚ್ಚು ಹತ್ತಿಸಿದ್ದು ನಾನಲ್ಲ, ಅವ್ವನೇ. ಪಾಂಡವಪುರದ ಹತ್ತಿರ ನಮ್ಮೂರು. ಒಂದು ಭಾನುವಾರ ಮನೆಯ ಜಗುಲಿಯಲ್ಲಿ ಕೂತು, ಯಾರೋ ನನ್ನ ಫೋನಿಗೆ ಕಳಿಸಿದ್ದ ವಿಡಿಯೋ ನೋಡುತ್ತಿದ್ದಳು. ಸಿಂಗಾಪುರದಲ್ಲಿ ಸಮುದ್ರದ ಪಕ್ಕ ತೆಂಗಿನ ಮರಕ್ಕಿಂತ ಎತ್ತರದ ಕಬ್ಬಿಣದ ಮರಗಳು, ಅವುಗಳ ಮೈತುಂಬ ನಿಜವಾದ ಗಿಡ, ಬಳ್ಳಿ.

“ಇದ್ಕೆ ನೀರು ಯಾರು ಆಕ್ತಾರೆ?” ಎಂದಳು.

“ನಂಗೇನು ಗೊತ್ತವ್ವ.”

“ಮೇಲಕ್ಕತ್ತಿ ಆಕ್ತಾರಾ, ಇಲ್ಲ ಒಳಗೇ ಕೊಳಾಯಿ ಅದಾ?”

ವಿಡಿಯೋವನ್ನು ಹಿಂದಕ್ಕೆ ಸರಿಸಿ ನೋಡಿದೆ, ಕೊಳಾಯಿ ಕಾಣಲಿಲ್ಲ. “ಇಪ್ಪತ್ತು ವರ್ಸದಿಂದ ಮಕ್ಳಿಗೆ ಪಾಠ ಹೇಳ್ತಾ ಇದ್ದೀಯೆ, ಇಷ್ಟು ಗೊತ್ತಿಲ್ವಾ? ನಡಿ, ಓಗಿ ನೋಡ್ಕಂಡು ಬರವ” ಎಂದಳು. ಅವಳು ತಮಾಷೆಗೆ ಅಂದದ್ದು. ನಾನು ಹಟಕ್ಕೆ ಬಿದ್ದೆ.

ಹಟಕ್ಕೆ ಬೀಳಲು ಕಾರಣವಿತ್ತು. ಅವ್ವನಿಗೆ ಅರವತ್ತೈದು ದಾಟಿದೆ. ನನಗೆ ಬುದ್ಧಿ ಬಂದಾಗಿನಿಂದ ಅವಳು ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿದವಳಲ್ಲ. ಕೊಟ್ಟಿಗೆಯಲ್ಲಿ ಯಾವತ್ತೂ ಒಂದು ಸೀಮೆಹಸು ಇರುತ್ತಿತ್ತು. ಬೆಳಿಗ್ಗೆ ಐದೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ ಹಾಲು ಕರೆದು ಡೈರಿಗೆ ಹಾಕಬೇಕು. “ನನ್ ಕೈಗಲ್ದೆ ಇನ್ಯಾರಿಗೂ ಆಲು ಕೊಡಕಿಲ್ಲ ಇದು” ಎಂಬುದು ಅವಳ ಮಾತು. ಹಸು ಬದಲಾಗುತ್ತಿತ್ತು, ಮಾತು ಬದಲಾಗುತ್ತಿರಲಿಲ್ಲ. ಅವಳ ತವರು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ. ಅಲ್ಲಿಗೆ ಹೋದರೂ ಬೆಳಗಿನ ಹಾಲು ಹಾಕಿ ಹೊರಟು, ಮಧ್ಯಾಹ್ನ ಉಂಡು, ಸಂಜೆಯ ಹಾಲಿಗೆ ಕೈ ತೊಳೆದು ನಿಂತಿರುತ್ತಿದ್ದಳು. ಮದುವೆ ಮನೆಗಳಲ್ಲಿ ನಮ್ಮವ್ವ ಮೊದಲ ಪಂಕ್ತಿಗೇ ಕೂರುತ್ತಾಳೆಂದು ನೆಂಟರು ಆಡಿಕೊಳ್ಳುತ್ತಿದ್ದರು. ಹಸಿವಿಗಲ್ಲ, ಬಸ್ಸಿಗೆ.

ಪಾಸ್‌ಪೋರ್ಟಿಗೆಂದು ಮಂಡ್ಯಕ್ಕೆ ಹೋದಾಗ ಅವಳ ಹೆಬ್ಬೆರಳಿನ ಗುರುತು ಮೂರು ಸಲವೂ ಯಂತ್ರಕ್ಕೆ ಸಿಗಲಿಲ್ಲ. ಹಾಲು ಕರೆದು ಕರೆದು ಗೆರೆಗಳೆಲ್ಲ ಸವೆದಿದ್ದವು. ನಾಲ್ಕನೇ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿಸಿದ ಮೇಲೆ ಸಿಕ್ಕಿತು. ಅವ್ವ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅದುವರೆಗೆ ಅವಳು ಅದನ್ನು ಗಮನಿಸಿಯೇ ಇರಲಿಲ್ಲವಂತೆ.

ಆಮೇಲೆ ಒಂದು ಶನಿವಾರ ಶ್ರೀರಂಗಪಟ್ಟಣದ ಒಂದು ಸಣ್ಣ ಪ್ರವಾಸದ ಆಫೀಸಿಗೆ ಹೋದೆವು. ಹೆಚ್ಚಾಗಿ ಕಾಶಿ, ರಾಮೇಶ್ವರಕ್ಕೆ ಜನ ಕರೆದೊಯ್ಯುವವರು. ಈಚೆಗೆ ಸಿಂಗಾಪುರವನ್ನೂ ಸೇರಿಸಿಕೊಂಡಿದ್ದರು. ಅಲ್ಲಿದ್ದಾತ ಬಣ್ಣದ ಕಾಗದ ಹರಡಿ, ಐದು ದಿನದ ಪ್ರವಾಸವನ್ನು ಒಂದೇ ಉಸಿರಿನಲ್ಲಿ ಹೇಳಿದ. ಬಾಯಿಂದ ನೀರು ಉಗುಳುವ ಸಿಂಹದ ತಲೆಯ ಮೀನಿನ ವಿಗ್ರಹ, ಗಾಜಿನ ಮನೆಯೊಳಗಿನ ಜಲಪಾತ, ಡ್ರೈವರಿಲ್ಲದ ರೈಲು. ಬೀದಿಯಲ್ಲಿ ಉಗುಳಿದರೆ ದಂಡ ಎಂದೂ ಎಚ್ಚರಿಸಿದ.

“ಆ ಮೀನು ಉಗುಳ್ಬೋದಾ?” ಎಂದು ಅವ್ವ ಕೇಳಿದಳು.

ಆತ ನಕ್ಕ. ಅವ್ವ ನಗಲಿಲ್ಲ, ಅವಳ ಪ್ರಶ್ನೆಗಳು ಇನ್ನೂ ಬಾಕಿ ಇದ್ದವು. ಅಲ್ಲಿ ಎಷ್ಟು ಹೊತ್ತಿಗೆ ಬೆಳಕು ಹರಿಯುತ್ತದೆ? ಏಳು ಗಂಟೆಗೆ. ಹಾಗಾದರೆ ಏಳು ಗಂಟೆಯವರೆಗೆ ಜನ ಏನು ಮಾಡುತ್ತಾರೆ? ನಮ್ಮೂರಲ್ಲಿ ಹಾಲು ಕರೆಯುವ ಹೊತ್ತಿಗೆ ಅಲ್ಲಿ ಗಂಟೆ ಎಷ್ಟು? ಎಂಟು. ಹೊಲ ಗದ್ದೆ ಇಲ್ಲವೆಂದರೆ ಹಸು ಎಲ್ಲಿ ಕಟ್ಟುತ್ತಾರೆ?

“ಹಸು ಎಲ್ಲಮ್ಮಾ ಅಲ್ಲಿ? ಹಾಲು ಹೆಚ್ಚಾಗಿ ಹೊರದೇಶದಿಂದಲೇ ಬರುತ್ತೆ.”

“ಇಡೀ ಊರ್ಗೆ ಊರೇ ಅಸ ಇಲ್ದೆ ಬದುಕ್ತಾ ಅದಾ?” ಅವ್ವ ನನ್ನ ಕಡೆ ತಿರುಗಿದಳು. “ಇದನ್ನೂ ಬರ್ಕೊ. ಆಲಿನ ಅಂಗಡಿ ನೋಡ್ಬೇಕು.”

ಬರೆದುಕೊಂಡೆ. ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ನಾನು ಗಂಟೆಗಂಟೆಗೂ ಲೆಕ್ಕ ಹಾಕಿ ಜೋಡಿಸಿದ್ದ ಪಟ್ಟಿಯ ನಡುವೆ ಹಾಲಿನಂಗಡಿ ಬಂದು ಕೂತಿತು. ಅದರ ಕೆಳಗೆ ಕಬ್ಬಿಣದ ಮರದ ಕೊಳಾಯಿ. ಅದರ ಕೆಳಗೆ ಡ್ರೈವರಿಲ್ಲದ ರೈಲಿನ ಮುಂದಿನ ಸೀಟು.

ಹೊರಗೆ ಬಂದಾಗ ಕೋಟೆಯ ಬಳಿ ನಾಲ್ಕೈದು ವಿದೇಶಿಯರು ಗೋಡೆಯೊಂದರ ಮುಂದೆ ನಿಂತಿದ್ದರು. ಹುಡುಗಿಯಾಗಿದ್ದಾಗಿಂದ ಅವ್ವ ಆ ಗೋಡೆ ನೋಡಿದ್ದಾಳೆ; ಅದರಲ್ಲಿ ಏನಿದೆ ಎಂದು ಯಾವತ್ತೂ ನಿಂತು ನೋಡಿದವಳಲ್ಲ. ಅವರ ಪಕ್ಕ ಹೋಗಿ ತಾನೂ ತಲೆಯೆತ್ತಿ ನೋಡತೊಡಗಿದಳು.

“ಅಲ್ಲೋದ್ರೆ ನಾವೂ ಇಂಗೇ ಬಾಯ್ ಬುಟ್ಕಂಡು ನಿಲ್ತೀವಾ?” ಎಂದಳು.

“ನಿಲ್ಲೋಕೇ ಹೋಗೋದು ಅವ್ವ.”

“ಸರಿ ಬುಡು. ಈಗ್ಲೇ ರೂಢಿ ಮಾಡ್ಕಳವ” ಎಂದು ಇನ್ನೊಂದು ನಿಮಿಷ ನಿಂತಳು.

ಹಸುವಿನ ಮಾತು ಮಾತ್ರ ಹಾಗೇ ಉಳಿದಿತ್ತು. ನಮ್ಮ ಕಡೆ ಒಂದು ವಾಡಿಕೆ ಇದೆ. ಹಸು ಸಾಕಿದ ಹೆಂಗಸು ಹೆರಿಗೆಗೋ ಆಸ್ಪತ್ರೆಗೋ ಹೋಗಬೇಕಾದರೆ, ತಾನು ಹಾಲು ಕರೆಯುವಾಗ ಉಡುವ ಸೀರೆಯನ್ನು ಒಗೆಯದೆ ಬಿಟ್ಟುಹೋಗುತ್ತಾಳೆ. ಅವಳ ಬದಲು ಕರೆಯುವವರು ಅದನ್ನು ಸುತ್ತಿಕೊಂಡು ಕೂತರೆ, ವಾಸನೆಗೆ ಹಸು ಒಡತಿಯೇ ಎಂದುಕೊಂಡು ಹಾಲು ಬಿಡುತ್ತದೆ. ಮನೆಯಲ್ಲಿ ಉಳಿಯುವವನು ಅಪ್ಪ ಒಬ್ಬನೇ. ಮೇವು ಹಾಕುವುದು, ಮೈ ತೊಳೆಯುವುದು, ಸಗಣಿ ಬಾಚುವುದು ಎಲ್ಲ ಅವನದೇ. ಕೆಚ್ಚಲಿಗೆ ಕೈ ಹಾಕಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

ಒಂದು ಸಂಜೆ ಪ್ರಯೋಗ ನಡೆಯಿತು. ಪಟಾಪಟಿ ನಿಕ್ಕರಿನ ಮೇಲೆ ಅವ್ವನ ಹಸಿರು ಚೌಕುಳಿ ಸೀರೆ ಸುತ್ತಿ, ಸೆರಗು ತಲೆಗೆ ಹೊದ್ದು ಅಪ್ಪ ಕೊಟ್ಟಿಗೆಗೆ ನಡೆದ. “ನಾಟ್ಕದಲ್ಲಿ ಪಾರ್ಟ್ ಕೊಡ್ದೆ ಓದ್ರು, ಈಗ ಸಿಕ್ತು ನೋಡು” ಎಂದ. ಅವ್ವ ಗೋಡೆಯ ಹಿಂದೆ ನಿಂತು ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದಳು: ಮೊದಲು ಬೆನ್ನು ಸವರಿ, ಮಾತಾಡಿಸಿ, ಉಗುರು ತಾಗಿಸಬೇಡಿ. ಹಸು ಕಿವಿ ನಿಮಿರಿಸಿ ಗೋಡೆಯ ಕಡೆ ನೋಡಿತು. ಅಪ್ಪನ ಕಡೆ ನೋಡಿತು. ಆಮೇಲೆ ಬಕೆಟ್ಟನ್ನು ಜಾಡಿಸಿ ಒದೆಯಿತು.

“ನಾನೇಳ್ಲಿಲ್ವಾ” ಎಂದು ಅವ್ವ ಬಂದು ಕೂತು ಕರೆದಳು. ಸಿಂಗಾಪುರ ಕೈತಪ್ಪಿತೆಂಬ ಬೇಸರ ಅವಳ ಮುಖದಲ್ಲಿತ್ತು. ಜೊತೆಗೆ ಒಂದು ಚೂರು ಖುಷಿಯೂ ಇತ್ತು. ನನ್ನ ಕಣ್ಣಿಗೆ ಎರಡೂ ಬಿದ್ದವು.

ಅವ್ವ ಹತ್ತಿರದಲ್ಲಿರುವುದೇ ತೊಂದರೆ ಎಂದು ನನಗನ್ನಿಸಿತು. ಮೂರು ದಿನ ಅವಳನ್ನು ನಾಗಮಂಗಲದ ನನ್ನ ಬಾಡಿಗೆ ಮನೆಗೆ ಕರೆದೊಯ್ಯುತ್ತೇನೆ, ಹಸು ಒಪ್ಪಿದರೆ ಟಿಕೆಟ್ಟು, ಒಪ್ಪದಿದ್ದರೆ ಸಿಂಗಾಪುರದ ಮಾತೇ ಬೇಡ ಎಂದೆ. ಅವ್ವ ಒಪ್ಪಿದಳು. ಹಸು ಒಪ್ಪುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು.

ನಾಲೆ ನೀರಿನ ಕಡೆಯವಳಾದ ಅವ್ವನಿಗೆ ನಾಗಮಂಗಲವೇ ಪರದೇಶ. ಬಸ್ಸಿಳಿದಾಗಿನಿಂದ ಪ್ರಶ್ನೆ. ಈ ಕೆಂಪು ಮಣ್ಣಿನಲ್ಲಿ ರಾಗಿ ಎಷ್ಟು ಬರುತ್ತದೆ, ತೆಂಗಿಗೆ ನೀರು ಎಷ್ಟು ದಿನಕ್ಕೊಮ್ಮೆ, ಬೆಂಗಳೂರು ಬಸ್ಸಿಗೆ ಓಡುವ ಇಷ್ಟು ಜನಕ್ಕೆ ಅಲ್ಲೇನು ಕೆಲಸ. ನಾನು ಶಾಲೆಗೆ ಹೋದಾಗ ಒಬ್ಬಳೇ ಬೀದಿ ಸುತ್ತಿ ಬಂದು, ಯಾವ ಅಂಗಡಿಯ ಎದುರು ಯಾವ ಅಂಗಡಿ ಎಂದು ನನಗೇ ಹೇಳಿದಳು. ಇಷ್ಟು ವರ್ಷ ಅಲ್ಲಿದ್ದೂ ನನಗೆ ಅರ್ಧ ಗೊತ್ತಿರಲಿಲ್ಲ. ಸಂಜೆ ಐದೂವರೆಯಾದರೆ ಮಾತ್ರ ಕೈಗೆ ಕೆಲಸವಿಲ್ಲದೆ ಚಡಪಡಿಸಿ, ಎರಡೂ ಅಂಗೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಪ್ಪನಿಗೆ ಫೋನ್ ಮಾಡಿದರೆ “ನಡೀತಾ ಅದೆ” ಎನ್ನುತ್ತಿದ್ದ, ಅಷ್ಟೇ.

ಮೂರನೆಯ ದಿನ ನಾನು ಶಾಲೆಯಿಂದ ಬಂದ ಸ್ವಲ್ಪ ಹೊತ್ತಿಗೆ ಅಪ್ಪನಿಂದ ವಿಡಿಯೋ ಬಂತು. ಫೋನನ್ನು ಹುಲ್ಲಿನ ಮೆದೆಗೆ ಒರಗಿಸಿಟ್ಟು ತೆಗೆದದ್ದು. ಬನೀನು, ಪಟಾಪಟಿ ನಿಕ್ಕರಿನಲ್ಲಿ ಅಪ್ಪ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಾನೆ. ಹಸು ಮೆಲುಕು ಹಾಕುತ್ತಾ ನಿಂತಿದೆ. ಹಸಿರು ಸೀರೆ ಹಿಂದೆ ಹಗ್ಗದ ಮೇಲೆ ನೇತಾಡುತ್ತಿದೆ. ಕೂಡಲೇ ಫೋನೂ ಬಂತು. ಅವ್ವ ನನ್ನ ಪಕ್ಕದಲ್ಲೇ ಇದ್ದಳು, ಸ್ಪೀಕರಿಗೆ ಹಾಕಿದೆ.

“ಎರಡ್ನೇ ದಿನದಿಂದ ಸೀರೆನೇ ಉಟ್ಟಿಲ್ಲ ಕಣವ್ವ. ಸುಮ್ನೆ ನಿಂತ್ಕತದೆ. ನೆನ್ನೆ ಅರ್ಧ ಲೀಟ್ರು ಜಾಸ್ತಿನೇ ಕೊಡ್ತು” ಎಂದ ಅಪ್ಪ.

“ನಿಂಗೆ ಕರೆಯೋದು ಯಾವಾಗ ಬಂತಪ್ಪ?”

“ಚಿಕ್ಕೋನಿದ್ದಾಗ ನಮ್ಮನೇಲಿ ನಾನೇ ಕರೀತಿದ್ದದ್ದು. ನಿಮ್ಮವ್ವ ಬಂದ್ಮೇಲೆ ಯಾರೂ ಕೇಳ್ಲಿಲ್ಲ, ನಾನೂ ಕೂರ್ಲಿಲ್ಲ.”

“ನೀನೇ ಕೇಳಬೇಕಿತ್ತು ಅಪ್ಪ” ಎಂದೆ. ದನಿ ಏರಿತ್ತು. ಅಪ್ಪ ಫೋನಿಟ್ಟ.

ಅವ್ವ ವಿಡಿಯೋವನ್ನು ಮತ್ತೆ ಹಾಕಿಸಿದಳು. ಮೂರು ಸಲ ನೋಡಿದಳು. ಹಸುವಿನ ಮುಖವನ್ನೇ ನೋಡುತ್ತಿದ್ದಳು ಎಂದು ಕಾಣುತ್ತದೆ. ನಾನು ನೋಟ್‌ಬುಕ್ಕು ಎತ್ತಿಟ್ಟೆ. ಹಸು ಒಪ್ಪಿತ್ತು, ಆದರೆ ಈಗ ಅವ್ವ ಒಲ್ಲೆ ಎನ್ನುತ್ತಾಳೆ ಎಂದು ಹೆದರಿದೆ.

“ನಮ್ಮವ್ವಂಗೆ ಉಸಾರಿಲ್ದೆ ಇದ್ದಾಗ ಓಗಿದ್ನಲ್ಲ, ನೀನಾಗ ಐಸ್ಕೂಲು” ಎಂದಳು ಅವ್ವ. “ಇವತ್ತೊಂದಿನ ಮಲಿಕ್ಕೊಂಡು ಓಗು ಅಂದ್ಲು. ಅಸ ಕಾಯ್ತಾ ಇರ್ತದೆ ಕಣವ್ವ ಅಂದ್ಬುಟ್ಟು ಬಸ್ ಅತ್ಬುಟ್ಟೆ. ಬೆಳಿಗ್ಗೆ ಆಲು ಕರೀತಿದ್ದಾಗ ಸುದ್ದಿ ಬಂತು.” ಫೋನನ್ನು ನನ್ನ ಕೈಗಿಟ್ಟಳು. “ಅದು ಕಾಯ್ತಾನೇ ಇರ್ಲಿಲ್ವೇನೋ.”

ಅದು ಬೇರೆ ಹಸು, ಇದು ಬೇರೆ ಹಸು ಅನ್ನಬಹುದಿತ್ತು. ಅವಳ ಸವೆದ ಹೆಬ್ಬೆರಳು ನೋಡಿ ಅದನ್ನು ಬಾಯಿಗೆ ತರಲಾಗಲಿಲ್ಲ. ಮೊದಲ ಪಂಕ್ತಿಯ ಊಟಕ್ಕೆ ಆಡಿಕೊಂಡವರಲ್ಲಿ ನಾನೂ ಒಬ್ಬಳು.

ಮಾರನೆಯ ದಿನ ಬೆಳಿಗ್ಗೆ ಎದ್ದಾಗ ಅವ್ವ ಆಗಲೇ ಕಾಫಿ ಕಾಸಿ, ನೋಟ್‌ಬುಕ್ಕನ್ನು ಮುಂದೆ ಇಟ್ಟುಕೊಂಡು ಕೂತಿದ್ದಳು. ಎರಡನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಪಟ್ಟಿ ಓದುತ್ತಿದ್ದಳು.

“ನಿಂಗೆ ರಜ ಎಷ್ಟ್ ದಿನ ಸಿಕ್ತದೆ?”

“ಎರಡು ವಾರ.”

“ಸಿಂಗಾಪುರಕ್ಕೆ ಐದು ದಿನ ಸಾಕಲ್ವಾ?”

“ಸಾಕು.”

“ಅಂಗಾದ್ರೆ ಎಲ್ಲಾದ್ಕಿಂತ ಮೇಲೆ ಶೀಳನೆರೆ ಅಂತ ಬರಿ. ಒಂದ್ ರಾತ್ರಿ ಅಂತಲೂ ಬರಿ.”

ಆ ಮನೆಯಲ್ಲಿ ಈಗ ನನ್ನ ಸೋದರಮಾವ ಇದ್ದಾನೆ. ಅಜ್ಜಿ ಮಲಗುತ್ತಿದ್ದ ಕೋಣೆ ಹಾಗೇ ಇದೆ. ಅಡಿಗೆರೆಯ ಕೆಳಗೆ ಜಾಗವಿರಲಿಲ್ಲ. ಗೆರೆಯ ಮೇಲೆ, ‘ನೋಡಬೇಕಾದವು’ ಎಂಬುದಕ್ಕೂ ಮೇಲೆ, ಸಣ್ಣ ಅಕ್ಷರದಲ್ಲಿ ಬರೆದೆ. ಅವ್ವ ಬಗ್ಗಿ ನೋಡಿ, ಬರೆದದ್ದರ ಮೇಲೆ ಬೆರಳಿಟ್ಟು ಓದಿದಳು.

“ಊ” ಎಂದಳು. “ಆಮೇಲೆ ಆ ಕಬ್ಬಿಣದ ಮರ.”