ಹಿತ್ತಿಲ ಬಾಗಿಲಿಗೆ ಬರುವ ಗ್ಲೆಂಡಾ

ಏಪ್ರಿಲ್ ತಿಂಗಳ ಬೆಳಗಿನ ಜಾವ, ಐದು ಗಂಟೆ. ಇಂಗ್ಲೆಂಡಿನ ಬಂದರು ಊರು ಗ್ರಿಮ್ಸ್‌ಬಿಯ ಸಾಲುಮನೆಗಳ ಹಿಂದಿನ ಓಣಿಯಲ್ಲಿ ಕಸದ ಡಬ್ಬಗಳನ್ನು ಸುತ್ತಿ ಬಳಸಿ ಗ್ಲೆಂಡಾ ಮಾಟ್ಲಿ ಬರುತ್ತಿದ್ದಾರೆ. ಅರವತ್ತೊಂದು ವರ್ಷ, ಎರಡೂ ಮಂಡಿ ನೋವು, ಕೈಯಲ್ಲಿ ಚಹಾದ ಫ್ಲಾಸ್ಕು. ಕೊರಳಲ್ಲಿರಬೇಕಾದ ಕಚೇರಿಯ ಗುರುತಿನ ಚೀಟಿ ಕೋಟಿನ ಜೇಬು ಸೇರಿದೆ. ಒಂದು ನಾಯಿ ಬೊಗಳುತ್ತದೆ. ಮೇಲಿನ ಕಿಟಕಿಯೊಂದರ ಪರದೆ ಎರಡು ಬೆರಳಷ್ಟು ಸರಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಬೀದಿಯಲ್ಲಿ ಎಷ್ಟು ಹೊತ್ತಿಗೆ ಬಂದರೂ ಯಾರೋ ಒಬ್ಬರು ನೋಡುತ್ತಲೇ ಇರುತ್ತಾರೆ.

ಗ್ಲೆಂಡಾ ನಿಲ್ಲುವುದು ನೀಲ್ ಡ್ರೂರಿಯ ಹಿತ್ತಿಲಲ್ಲಿ. ಇವತ್ತು ಸಂಜೆ ಐದರೊಳಗೆ ಈ ಮನುಷ್ಯ ಸಿಕ್ಕಿ ನಾಲ್ಕು ಪ್ರಶ್ನೆಗೆ ಉತ್ತರ ಕೊಡದಿದ್ದರೆ, ತಾವೇ ಓಡಾಡಿ ಕೊಡಿಸಿದ ರಕ್ಷಣೆಯನ್ನು ತಾವೇ ಕೈಯಾರೆ ರದ್ದು ಮಾಡಬೇಕು.

ಗ್ಲೆಂಡಾ ಸಾಲದ ಸಲಹೆಗಾರ್ತಿ. ಹಳೆಯ ಪ್ರಾರ್ಥನಾ ಮಂದಿರದ ಹಿಂಭಾಗದ ಕೋಣೆಯಲ್ಲಿ ಕೂರುತ್ತಾರೆ. ದಿನಕ್ಕೆ ಹನ್ನೊಂದು ಜನ, ತಲಾ ಅರ್ಧ ಗಂಟೆ. ಬಂದವರಲ್ಲಿ ಮೂವರಾದರೂ ಮೊದಲ ಹತ್ತು ನಿಮಿಷ ಬಾಯಿಯೇ ಬಿಡುವುದಿಲ್ಲ. ಗ್ಲೆಂಡಾರ ಕೈಯಲ್ಲಿರುವ ದೊಡ್ಡ ಅಸ್ತ್ರವೆಂದರೆ ಬ್ರೀದಿಂಗ್ ಸ್ಪೇಸ್ ಎಂಬ ಕಾನೂನು, ಉಸಿರಾಡಲು ಒಂದು ಬಿಡುವು. ಅರವತ್ತು ದಿನ ಸಾಲ ಕೊಟ್ಟವರು ಹಣ ಕೇಳುವಂತಿಲ್ಲ, ಬಡ್ಡಿ ಏರಿಸುವಂತಿಲ್ಲ, ಜಪ್ತಿಯವರು ಬಾಗಿಲಿಗೆ ಬರುವಂತಿಲ್ಲ. ಅಷ್ಟರಲ್ಲಿ ಸಲಹೆಗಾರರ ಜೊತೆ ಕೂತು ದಾರಿ ಹುಡುಕಿಕೊಳ್ಳಬೇಕು. ಆದರೆ ಸರ್ಕಾರಕ್ಕೂ ಅನುಮಾನ ತಪ್ಪಿದ್ದಲ್ಲ. ಮೂವತ್ತೈದನೆಯ ದಿನದೊಳಗೆ ಸಲಹೆಗಾರರು ಆ ವ್ಯಕ್ತಿಯನ್ನು ವಿಚಾರಿಸಲೇಬೇಕು: ಬಾಡಿಗೆ ಕಟ್ಟುತ್ತಿದ್ದೀಯಾ, ತೆರಿಗೆ, ಗ್ಯಾಸು ಕಟ್ಟುತ್ತಿದ್ದೀಯಾ, ಹೊಸ ಸಾಲ ಮಾಡಿದೆಯಾ? ಮನುಷ್ಯ ಕೈಗೇ ಸಿಗದಿದ್ದರೆ ಬಿಡುವು ಅಲ್ಲಿಗೆ ಮುಗಿಯಿತು. ವರ್ಷ ಕಳೆಯುವ ತನಕ ಇನ್ನೊಂದು ಸಿಗುವುದಿಲ್ಲ.

ಇವತ್ತು ನೀಲ್‌ನ ಮೂವತ್ತೈದನೆಯ ದಿನ.

ನೀಲ್ ಇಪ್ಪತ್ತಾರು ವರ್ಷದಿಂದ ಮೀನು ಸೀಳುವವನು. ಕಳೆದ ವರ್ಷ ಚಾಕು ಜಾರಿ ಎಡಗೈ ಹೆಬ್ಬೆರಳಿನ ನರ ಕತ್ತರಿಸಿತು. ಹದಿನಾಲ್ಕು ವಾರ ಕೆಲಸವಿಲ್ಲ. ಒಂದು ಕಂತು ತಪ್ಪಿದ್ದೇ ತಡ, ಉಳಿದವೂ ಸಾಲಾಗಿ ತಪ್ಪಿದವು. ಜಪ್ತಿಯವರ ಕಣ್ಣು ಈಗ ಅವನ ಕಾರಿನ ಮೇಲಿದೆ. ಬಂದರಿನ ಆಚೆ, ಐದು ಮೈಲಿ ದೂರದ ಕಾರ್ಖಾನೆಯಲ್ಲಿ ಪಾಳಿ ಶುರುವಾಗುವುದು ಬೆಳಗಿನ ಆರಕ್ಕೆ, ಮೊದಲ ಬಸ್ಸು ಏಳಕ್ಕೆ. ಕಾರು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮನೆ. ಅಕ್ಕನ ಬಲವಂತಕ್ಕೆ ಒಂದು ದಿನ ಗ್ಲೆಂಡಾರ ಕೋಣೆಗೆ ಬಂದು, ತಲೆ ಬಗ್ಗಿಸಿ ಸಹಿ ಹಾಕಿ ಹೋಗಿದ್ದ. ಅಲ್ಲಿಂದಾಚೆ ಮನುಷ್ಯನ ಪತ್ತೆಯೇ ಇಲ್ಲ.

ಗ್ಲೆಂಡಾ ಇಪ್ಪತ್ತೆಂಟನೆಯ ದಿನ ಫೋನ್ ಮಾಡಿದರು. ಎತ್ತಿದ, ದನಿ ಕೇಳಿದ, ಇಟ್ಟ. ಮತ್ತೆ ಎತ್ತಲಿಲ್ಲ. ಮೂವತ್ತೊಂದನೆಯ ದಿನ ಮನೆಗೇ ಹೋಗಿ, ಕಚೇರಿಯ ನಿಯಮದಂತೆ ಕೊರಳಿಗೆ ಚೀಟಿ ತೂಗುಹಾಕಿಕೊಂಡು ಮುಂಬಾಗಿಲು ತಟ್ಟಿದರು. ಒಳಗೆ ಟಿವಿಯ ಸದ್ದು ಗಪ್ಪನೆ ನಿಂತಿತು.

“ನನ್ನ ಬುದ್ಧಿಗೇನು ಮಂಕು ಬಡಿದಿತ್ತೋ! ನಾನು ಹುಟ್ಟಿದ್ದು ಎರಡೇ ಬೀದಿ ಆಚೆ. ನೆಂಟರು, ನೆರೆಯವರು, ಹಾಲಿನವನು, ಎಲ್ರೂ ಬರೋದು ಹಿತ್ತಿಲಿಂದ. ಮುಂಬಾಗ್ಲು ತಟ್ಟೋರು ಮೂರೇ ಜನ: ಪೊಲೀಸು, ಪಾದ್ರಿ, ಜಪ್ತಿಯವನು. ನನ್ನನ್ನ ನೋಡಿದ್ರೆ ಪಾದ್ರಿ ಅಂತೂ ಅನ್ಸಲ್ಲ,” ಎನ್ನುತ್ತಾರೆ.

ಈಗ ಹಿತ್ತಿಲ ಬಾಗಿಲಿಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯುತ್ತಾರೆ.

“ನೀಲ್, ನಾನು ಗ್ಲೆಂಡಾ.”

“ನೀಲ್ ಮನೇಲಿಲ್ಲ.”

“ಮತ್ತೆ ಮಾತಾಡ್ತಿರೋದು ಯಾರಪ್ಪಾ, ನಿಮ್ಮನೆ ಕೆಟಲ್ಲಾ?”

ಒಳಗೆ ಹೆಜ್ಜೆಯ ಸದ್ದು. ಆಮೇಲೆ ಬಾಗಿಲಿಗೆ ತೀರ ಹತ್ತಿರದಿಂದ ಮಾತು ಬರುತ್ತದೆ. “ನಾಟಕ ಸಾಕು ಕಣ್ರೀ. ಫೋನಲ್ಲಿ ಕೇಳಿದ ತಕ್ಷಣ ಗೊತ್ತಾಯ್ತು ಆ ದನಿ. ನಮ್ಮಮ್ಮನಿಗೆ ದಿನಾ ಬೆಳಗ್ಗೆ ತಿಂಡಿ ಹೊತ್ತಿಗೆ ಫೋನ್ ಮಾಡ್ತಿದ್ದೋರು ನೀವು. ‘ಗುಡ್ ಮಾರ್ನಿಂಗ್, ಮೈ ಲವ್.’ ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿಬಿಡ್ತಿದ್ರು. ಆಮೇಲೆ ತಿಂತಿರ್ಲಿಲ್ಲ.”

ಗ್ಲೆಂಡಾ ಇಲ್ಲ ಎನ್ನುವುದಿಲ್ಲ. ಹತ್ತೊಂಬತ್ತು ವರ್ಷ ಅವರು ಸಾಲ ವಸೂಲಿಯ ಕಂಪನಿಯೊಂದರಲ್ಲಿ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಕೂತವರು. ದಿನಕ್ಕೆ ನೂರ ನಲವತ್ತು ಕರೆ. ದನಿಯಲ್ಲಿ ಜೇನು, ಗೋಡೆಯ ಮೇಲೆ ತಿಂಗಳ ಅತ್ಯುತ್ತಮ ಉದ್ಯೋಗಿಯೆಂದು ಅವರದೇ ಫೋಟೋ. ಒಂದು ದಿನ ಪಟ್ಟಿಯಲ್ಲಿದ್ದ ಗುರುತಿಲ್ಲದ ಹೆಸರಿಗೆ ಫೋನ್ ಮಾಡಿದರೆ, ಅದು ಮದುವೆಯಾಗಿ ಹೆಸರು ಬದಲಾದ ಶಾಲೆಯ ಗೆಳತಿ. “ಗ್ಲೆಂಡಾ, ನೀನಾ?” ಅಂದಳಂತೆ. ಅಷ್ಟೇ. ಮಾರನೆಯ ವಾರ ಕೆಲಸ ಬಿಟ್ಟರು. ಈಗಿನ ಸಂಬಳ ಅದರ ಅರ್ಧ. ಊರು ಮಾತ್ರ ಹಳೆಯದನ್ನು ಮರೆತಿಲ್ಲ: ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿದವರು, ಹೊಲ ಮೇಯ್ದದ್ದೇ ಬಂದು ಬೇಲಿಯಾಗುತ್ತೇನೆಂದರೆ ನಂಬುತ್ತಾರೆಯೇ?

“ನಾನೇ ಇರ್ಬೇಕು ನೀಲ್,” ಎನ್ನುತ್ತಾರೆ ಗ್ಲೆಂಡಾ, ಬಾಗಿಲಿಗೆ ಹಣೆ ಹಚ್ಚಿ. “ಆದ್ರೆ ಒಂದು ಮಾತು ಯೋಚ್ನೆ ಮಾಡು. ನಾನು ಅವರ ಕಡೆಯೋಳೇ ಆಗಿದ್ರೆ ಈ ಮಂಡಿ ಎಳ್ಕೊಂಡು ಇಷ್ಟೊತ್ತಿಗೆ ಯಾಕೆ ಬರ್ತಿದ್ದೆ? ಮನೇಲಿ ಮಲಗಿದ್ರೆ ಸಾಕಿತ್ತು. ಸಂಜೆ ಐದಕ್ಕೆ ನಿನ್ನ ಬಿಡುವು ರದ್ದಾಗ್ತಿತ್ತು. ನಾಳೆ ಕಾರು ಅವರದಾಗ್ತಿತ್ತು.”

ಕೆಟಲ್ಲು ಕುದಿದು ತಾನಾಗಿ ಆರುತ್ತದೆ. ಚಿಲಕ ಸರಿಯುತ್ತದೆ.

ಅಡುಗೆಮನೆಯೊಳಗೆ ಕಾಲಿಟ್ಟ ಗ್ಲೆಂಡಾರ ಕಣ್ಣು ನೆಟ್ಟಗೆ ಹೋಗುವುದು ಮೂಲೆಯ ದೊಡ್ಡ ಪೆಟ್ಟಿಗೆಯ ಮೇಲೆ. ಹೊಸ ಟಿವಿಯ ರಟ್ಟಿನ ಪೆಟ್ಟಿಗೆ. ಕಂತಿನ ಮೇಲೆ ಟಿವಿ ತಂದಿದ್ದರೆ ಅದು ಹೊಸ ಸಾಲ, ಬಿಡುವಿನ ಕಥೆ ಮುಗಿಯಿತು. ಸುಳ್ಳು ಬರೆಯುವವರಲ್ಲ ಅವರು.

“ಇದೇನಪ್ಪಾ ಇದು?”

“ನೋಡಿದ್ರಾ, ನಿಮಗೂ ಅನುಮಾನ!” ನೀಲ್‌ಗೆ ಅದೊಂದು ಗೆಲುವು. ಪೆಟ್ಟಿಗೆಯ ಬಾಯಿ ತೆರೆದು ತೋರಿಸುತ್ತಾನೆ. “ಪಕ್ಕದ್ಮನೆಯೋರು ಬಿಸಾಡಿದ್ದು. ಟಿವಿ ಅವರ ಮನೇಲಿದೆ, ಹೋಗಿ ಕೇಳ್ಕೊಂಡು ಬನ್ನಿ ಬೇಕಾದ್ರೆ.”

ಒಳಗೆ ಅರ್ಧದವರೆಗೆ ಕಾಗದಗಳು. ಒಂದನ್ನೂ ಒಡೆದಿಲ್ಲ. ಎಲ್ಲ ಒಂದೇ ಕಂದು ಲಕೋಟೆ, ಎಲ್ಲಕ್ಕೂ ಒಂದೇ ಗಾಜಿನಂಥ ಕಿಟಕಿ. ಗ್ಲೆಂಡಾ ಕೈಯಾಡಿಸಿ ನಾಲ್ಕನ್ನು ಎತ್ತುತ್ತಾರೆ. ನಾಲ್ಕೂ ಅವರದೇ ಕಚೇರಿಯವು. ಬಿಡುವು ಸಿಕ್ಕಿದೆ, ಇನ್ನು ಹೆದರಬೇಡ ಎಂದು ತಿಳಿಸಿದ ಕಾಗದವೂ ಅದರಲ್ಲಿದೆ. ಮೂವತ್ತೈದು ದಿನ ನೀಲ್ ಹೆದರಿಕೊಂಡು ಬದುಕಿದ್ದು ಅದನ್ನು ಮನೆಯಲ್ಲೇ ಇಟ್ಟುಕೊಂಡು! ಕಾರನ್ನು ಮೂರು ಬೀದಿಯಾಚೆ ಬಚ್ಚಿಟ್ಟು, ಕತ್ತಲಲ್ಲಿ ನಡೆದು ಹೋಗಿ ಹತ್ತುತ್ತಿದ್ದನಂತೆ.

ನಾಲ್ಕು ಪ್ರಶ್ನೆಗೆ ಹಿಡಿದದ್ದು ಆರೇ ನಿಮಿಷ. ಬಾಡಿಗೆ, ತೆರಿಗೆ, ಗ್ಯಾಸು ಕಟ್ಟಿದ್ದಾನೆ. ರಸೀದಿಗಳನ್ನು ಗ್ಲೆಂಡಾ ಒಂದೊಂದಾಗಿ ಕೇಳಿ ನೋಡುತ್ತಾರೆ. ಹೊಸ ಸಾಲ ಇಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ ಟಿವಿಯನ್ನೂ ಇಣುಕಿ ನೋಡಿ ಬರುತ್ತಾರೆ.

“ಇನ್ನು ಇಪ್ಪತ್ತೈದು ದಿನ ಇದೆ. ಬುಧವಾರ ಬಾ, ಕೂತು ದಾರಿ ಹುಡುಕೋಣ. ಕಾರು ಮನೆ ಮುಂದೇನೇ ನಿಲ್ಸು. ಯಾರೂ ಮುಟ್ಟೋ ಹಾಗಿಲ್ಲ.”

“ನಿಮ್ಮನ್ನ ನಂಬಿದೀನಿ ಅಂತ ತಿಳ್ಕೋಬೇಡಿ.”

“ನಂಬ್ಬೇಡ. ಬಾ ಅಷ್ಟೇ.”

ಗ್ಲೆಂಡಾ ಫ್ಲಾಸ್ಕು ಎತ್ತಿಕೊಂಡು ಹಿತ್ತಿಲ ಕಡೆ ತಿರುಗುತ್ತಾರೆ. “ಅಲ್ಲಿಂದ ಬೇಡ,” ಎನ್ನುತ್ತಾನೆ ನೀಲ್. ಮುಂದಿನ ಕೋಣೆಗೆ ಹೋಗಿ, ಬಾಗಿಲಿಗೆ ಒತ್ತಿಟ್ಟ ಕುರ್ಚಿ ಸರಿಸುತ್ತಾನೆ. ಗ್ಲೆಂಡಾ ಮುಂಬಾಗಿಲು ತಟ್ಟಿದ ದಿನ ಕಾಗದ ಹಾಕುವ ಸೀಳಿಗೆ ಒಳಗಿನಿಂದ ಅಂಟಿಸಿದ್ದ ಟೇಪನ್ನು ಹೆಬ್ಬೆರಳು ಮಡಚಲಾಗದ ಎಡಗೈಯಲ್ಲೇ ಕೀಳುತ್ತಾನೆ. ಬಿಗಿದುಕೊಂಡ ಬಾಗಿಲು ಎರಡನೆಯ ಎಳೆತಕ್ಕೆ ತೆರೆದುಕೊಂಡು ಬೆಳಗಿನ ಬೆಳಕು ಒಳಗೆ ಬರುತ್ತದೆ. ಎದುರು ಮನೆಯ ಪರದೆ ಸರಿಯುತ್ತದೆ. ನೀಲ್ ಅತ್ತ ಕೈಬೀಸುತ್ತಾನೆ.

ಈ ತಿಂಗಳು ಗ್ಲೆಂಡಾ ಹೀಗೆ ಓಣಿ ಹಿಡಿದು ಹೋದದ್ದು ಒಂಬತ್ತು ಮನೆಗೆ. ಕಚೇರಿಯ ಲೆಕ್ಕಕ್ಕೆ ಇದು ಬರುವುದಿಲ್ಲ, ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ. ನಿಮಗೇನು ಬೇಕು ಎಂದು ಕೇಳಿದರೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ.

“ರಿಟೈರ್ ಆಗೋದ್ರೊಳಗೆ ಒಂದೇ ಒಂದ್ಸಲ,” ಎನ್ನುತ್ತಾರೆ, “ನಾನು ತಟ್ಟಿದಾಗ ಯಾರಾದ್ರೂ ಮುಂಬಾಗ್ಲು ತೆಗೀಬೇಕು. ಕೂರು ಅನ್ನೋದೂ ಬೇಡ. ಚಹಾ ನಾನೇ ತಂದಿರ್ತೀನಿ.”